ಅದೇ ಮಾತ್ರೆ

ಜನವರಿ ೯

ಸಣ್ಣಿ,

ಇಲ್ಲಿ ಎಲ್ಲರೂ ಸೌಖ್ಯ ಎಂದು ಶುರುಮಾಡುವುದು ನನ್ನ ಅಭ್ಯಾಸ. ಈ ಸಲ ಹಾಗೆ ಬರೆಯಲು ಕೈ ಬರಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಈ ಮನೆಯ ಗೋಡೆಗಳು ನಿನಗೆ ಗೊತ್ತೇ ಇವೆ. ನಾನು ಸೀನಿದರೆ ಪಕ್ಕದ ಮನೆಯವರು ಕಿಟಕಿ ಮುಚ್ಚುತ್ತಾರೆ. ಅದಕ್ಕೇ ಕಾಗದ.

ನಿಮ್ಮಣ್ಣ ಕುಡಿಯಲು ಶುರುಮಾಡಿದ್ದಾನೆ.

ಹೇಗೆ ಗೊತ್ತು ಎನ್ನುತ್ತೀಯ. ಲಿಫ್ಟ್ ಕಂಪನಿಯವರು ರಿಪೇರಿ ಕೆಲಸದವರಿಗೆಲ್ಲ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸುತ್ತಾರಲ್ಲ, ಈ ಸಲ ಇವನ ಲಿವರ್ ಸರಿಯಿಲ್ಲ ಎಂದು ಬಂತು. "ಎಷ್ಟು ವರ್ಷದಿಂದ ತಗೊಳ್ತಿದೀರಿ?" ಎಂದು ಡಾಕ್ಟರು ಕೇಳಿದರಂತೆ. "ನಾನು ಮುಟ್ಟೋದೇ ಇಲ್ಲ ಸಾರ್" ಎಂದನಂತೆ ಇವನು. ಡಾಕ್ಟರು ನಕ್ಕರಂತೆ. ಇದನ್ನೆಲ್ಲ ಊಟಕ್ಕೆ ಕೂತಾಗ ಅವನೇ ತಮಾಷೆಯ ಹಾಗೆ ಹೇಳಿದ. ನಾನೂ ನಗಲಿಲ್ಲ, ನಿನ್ನ ಅತ್ತಿಗೆಯೂ ನಗಲಿಲ್ಲ.

ಆ ಮಾತನ್ನು ನಾನು ಮೊದಲೇ ಕೇಳಿದ್ದೇನೆ, ಅದೇ ಧ್ವನಿಯಲ್ಲಿ. "ನಾನು ಮುಟ್ಟೋದೇ ಇಲ್ಲ ಕಣೇ" ಎನ್ನುತ್ತಿದ್ದರು ನಿಮ್ಮಪ್ಪ. ಹೇಳುವಾಗ ಕೈ ನಡುಗುತ್ತಿತ್ತು. ಗೆರೆ ಎಳೆಯದೆಯೇ ನೇರವಾಗಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದ ಕೈ ಅದು. ಕೊನೆಕೊನೆಗೆ ಅಕ್ಷರಗಳೆಲ್ಲ ಓಲಾಡತೊಡಗಿದವು. "ಏನು ಪೇಂಟರೇ, ಅಕ್ಷರಕ್ಕೂ ಕುಡಿಸಿದೀರಾ?" ಎಂದು ಹೋಟೆಲಿನವನು ನಾಲ್ಕು ಜನರೆದುರು ಕೇಳಿದ್ದ. ಹತ್ತಿರ ಬಂದರೆ ಟರ್ಪೆಂಟೈನ್ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ, ಕೊಳೆತ ಸಿಹಿ. ನನ್ನ ಮೂಗನ್ನು ಯಾರೂ ಮೋಸ ಮಾಡಲಾರರು. ಕೊನೆಯ ವರ್ಷ ಅವರನ್ನು ಹೊರಕೋಣೆಯಲ್ಲಿ ಬಣ್ಣದ ಡಬ್ಬಗಳ ಜೊತೆ ಮಲಗಿಸಿದೆ. ನಡುವಿನ ಬಾಗಿಲಿಗೆ ಚಿಲಕ ಹಾಕಿಕೊಳ್ಳುತ್ತಿದ್ದೆ. ಬೆಳೆಯುವ ಮಕ್ಕಳಿರುವ ಮನೆ, ಇನ್ನೇನು ಮಾಡಲಿ? ಆದರೆ ಮಹಾ ಜಾಣ. ಬಾಟಲಿ ಎಲ್ಲಿಡುತ್ತಿದ್ದರೋ, ಒಂದೂ ನನ್ನ ಕೈಗೆ ಸಿಗಲಿಲ್ಲ.

ಈಗ ನಿನ್ನ ಅತ್ತಿಗೆ ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಬಂದವಳೇ ಗಂಡನ ಟೂಲ್ ಬ್ಯಾಗು ಬಿಚ್ಚಿ ನೋಡುತ್ತಾಳೆ. ನಾನು ಅವನ ಶರ್ಟುಗಳನ್ನು ನೆನೆಹಾಕುವ ಮೊದಲು ಮೂಸುತ್ತೇನೆ. ಗ್ರೀಸು ಬಿಟ್ಟರೆ ಏನೂ ಇಲ್ಲ. ಅಪ್ಪನಿಗಿಂತಲೂ ಜಾಣ ಇರಬೇಕು.

ನಿನ್ನಿಂದ ಒಂದು ಉಪಕಾರ ಆಗಬೇಕು. ಕುಡಿತ ಬಿಡಿಸುವ ಮಾತ್ರೆ ಬಂದಿದೆಯಂತೆ, ಗೊತ್ತಾಗದ ಹಾಗೆ ಕಾಫಿಗೆ ಬೆರೆಸಬಹುದಂತೆ. ನೀನು ದೊಡ್ಡ ಆಸ್ಪತ್ರೆಯಲ್ಲಿರುವವಳು, ಕಳಿಸು. ಅತ್ತಿಗೆಗೂ ಹೇಳುವುದು ಬೇಡ. ಅವಳ ಮುಖದಲ್ಲಿ ಗುಟ್ಟು ನಿಲ್ಲುವುದಿಲ್ಲ.

ನಿಮ್ಮಣ್ಣನ ಮಗಳು ಪಟಾಕಿ ನಿನ್ನನ್ನು ಕೇಳುತ್ತಿರುತ್ತಾಳೆ. ಮುಂದಿನ ಹಲ್ಲು ಬಿದ್ದಿದೆ, ಬಾಯಿ ಮಾತ್ರ ಕಡಿಮೆಯಾಗಿಲ್ಲ.

ಇತಿ,
ಅಮ್ಮ

ಜನವರಿ ೨೩

ಅಮ್ಮ,

ಕಾಫಿಗೆ ಏನನ್ನೂ ಬೆರೆಸಬೇಡ. ಇದನ್ನು ಮೊದಲ ಸಾಲಿನಲ್ಲೇ ಬರೆಯುತ್ತಿದ್ದೇನೆ, ಏಕೆಂದರೆ ನೀನು ಕಾಗದವನ್ನು ಅರ್ಧಕ್ಕೇ ಮಡಚಿಟ್ಟು ಔಷಧಿ ಅಂಗಡಿಗೆ ಹೊರಡುವವಳು.

ನಾನು ಕೇಳುವುದಕ್ಕೆ ಕೋಪ ಮಾಡಿಕೊಳ್ಳದೆ ಉತ್ತರ ಬರಿ. ಕೊನೆಯ ವರ್ಷ ಅಪ್ಪನ ಹೊಟ್ಟೆ ಊದಿತ್ತಾ? ಹಗಲೆಲ್ಲ ತೂಕಡಿಸುತ್ತಿದ್ದರಾ? ಕೈಯನ್ನು ಮುಂದೆ ಚಾಚಿದರೆ ಅಂಗೈ ರೆಕ್ಕೆಯ ಹಾಗೆ ಬಡಿಯುತ್ತಿತ್ತಾ? ಅವರಿಗೆ ಯಾವಾಗಲಾದರೂ ರಕ್ತ ಕೊಟ್ಟಿದ್ದರಾ? ಅವರ ರಕ್ತವನ್ನು ಯಾರಾದರೂ ಪರೀಕ್ಷೆ ಮಾಡಿದ್ದರಾ?

ಯಾಕೆ ಕೇಳುತ್ತಿದ್ದೇನೆ ಎಂದರೆ, ಹೋದ ತಿಂಗಳು ನಮ್ಮ ಆಸ್ಪತ್ರೆಯ ಬಾಗಿಲಲ್ಲಿ ಒಂದು ಗಲಾಟೆಯಾಯಿತು. ಸ್ಕೂಲ್ ವ್ಯಾನ್ ಓಡಿಸುವವನೊಬ್ಬ ತೊದಲುತ್ತ, ಗೋಡೆ ಹಿಡಿದುಕೊಂಡು ನಿಂತಿದ್ದ. "ಕುಡಿದು ಬಂದವರನ್ನ ಒಳಗೆ ಬಿಡಲ್ಲ" ಎಂದು ಕಾವಲಿನವನು ತಡೆದಿದ್ದ. ಹೆಂಡತಿ ತಲೆ ತಗ್ಗಿಸಿಕೊಂಡು ಪಕ್ಕಕ್ಕೆ ಸರಿದಿದ್ದಳು. ಅವನು ನನ್ನ ಅಧ್ಯಯನಕ್ಕೆ ಬರುವ ರೋಗಿ, ನನಗೆ ಗುರುತಿತ್ತು. ಕಣ್ಣು ನೋಡಲೆಂದು ಬಗ್ಗಿದೆ. ಅವನ ಉಸಿರು ಮುಖಕ್ಕೆ ಬಡಿಯಿತು. ಅಮ್ಮ, ಅದು ನಮ್ಮ ಹೊರಕೋಣೆಯ ವಾಸನೆ. ಇಷ್ಟು ವರ್ಷ ವಾರ್ಡಿನಲ್ಲಿ ಓಡಾಡಿದ್ದೇನೆ, ಒಮ್ಮೆಯೂ ಹೊಳೆದಿರಲಿಲ್ಲ. ಅವನ ರಕ್ತ ನೋಡಿದೆವು. ಹೆಂಡದ ಸುಳಿವೇ ಇರಲಿಲ್ಲ. ಲಿವರ್ ಕೈಬಿಟ್ಟಾಗ ದೇಹದ ವಿಷ ತಲೆಗೇರುತ್ತದೆ. ನಾಲಗೆ ತೊದಲುತ್ತದೆ, ಕೈ ಬಡಿಯುತ್ತದೆ, ಬಾಯಿ ಹಾಗೆ ನಾರುತ್ತದೆ. ಕುಡಿದವನಿಗೂ ಅವನಿಗೂ ದೂರದಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ.

ನನ್ನ ಕೆಲಸವೇನು ಎಂದು ನೀನು ಕೇಳಿದಾಗಲೆಲ್ಲ "ಲಿವರಿಂದು" ಎಂದು ಹೇಳಿ ಜಾರಿಕೊಂಡಿದ್ದೇನೆ. ಪೂರ್ತಿ ಹೇಳುತ್ತೇನೆ. ಎಚ್‌ಐವಿ ಇರುವ ಕೆಲವರಿಗೆ ಹೆಪಟೈಟಿಸ್ ವೈರಸ್ಸೂ ಇರುತ್ತದೆ. ಎಚ್‌ಐವಿಗೆ ಈಗ ಒಳ್ಳೆಯ ಮಾತ್ರೆಗಳಿವೆ, ನುಂಗುತ್ತ ಎಲ್ಲರಂತೆ ವಯಸ್ಸಾಗುವವರೆಗೆ ಬದುಕಬಹುದು. ಆದರೆ ಹೆಪಟೈಟಿಸ್ ಸದ್ದಿಲ್ಲದೆ ಲಿವರನ್ನು ತಿನ್ನುತ್ತಿರುತ್ತದೆ. ಒಂದು ವೈರಸ್ಸಿನಿಂದ ಪಾರಾದವರನ್ನು ಇನ್ನೊಂದು ಹೇಗೆ ಹಿಡಿಯುತ್ತದೆ, ಹೇಗೆ ತಪ್ಪಿಸಬಹುದು, ಇದನ್ನೇ ನೋಡುತ್ತಿದ್ದೇನೆ.

ಅಣ್ಣನಿಗೆ ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಬೇಕು. ಅವನಿಗೂ ಬೇರೆ ಬರೆದಿದ್ದೇನೆ. ನೀನೂ ಮಾಡಿಸಿಕೊ.

ನಿನ್ನ,
ಸಣ್ಣಿ

ಫೆಬ್ರವರಿ ೬

ಸಣ್ಣಿ,

ನಿನ್ನ ಕಾಗದವನ್ನು ಓದಿ ಹರಿದು ಹಾಕಿದೆ. ಯಾರ ಕೈಗಾದರೂ ಸಿಕ್ಕರೆ ಎಂಬ ಭಯ.

ರಕ್ತ ಕೊಟ್ಟಿದ್ದರಾ, ರಕ್ತ ನೋಡಿದ್ದರಾ ಎಂದು ಏಕೆ ಕೇಳುತ್ತೀಯ ಎಂದು ನನಗೆ ತಿಳಿಯದೆ ಇಲ್ಲ. ನಾನು ಓದಿದ್ದು ಕಡಿಮೆ, ಪೆದ್ದಿ ಅಲ್ಲ. ನೀನು ಆ ಕಾಯಿಲೆಯವರ ನಡುವೆ ಕೆಲಸ ಮಾಡಿ ಮಾಡಿ ಎಲ್ಲರಲ್ಲೂ ಅದನ್ನೇ ಕಾಣುತ್ತಿದ್ದೀಯ. ಈಗ ನಿಮ್ಮಪ್ಪನಿಗೂ ಅಂಟಿಸಬೇಕಾ? ಬೋರ್ಡು ಬರೆಯಲು ಊರೂರು ಸುತ್ತಿದವರು ನಿಜ. ಎಲ್ಲೆಲ್ಲಿ ಉಳಿದರೋ ನಾನು ಕೇಳಿಲ್ಲ. ಕೇಳದೇ ಇದ್ದದ್ದು ಕೇಳದೇ ಇರಲಿ. ಕುಡುಕನ ಹೆಂಡತಿ ಎನ್ನಿಸಿಕೊಂಡು ಬಾಳಿದ್ದೇನೆ. ಅದನ್ನು ಜನ ಅಯ್ಯೋ ಪಾಪ ಎನ್ನುತ್ತಾರೆ. ಇನ್ನೊಂದಕ್ಕೆ ಯಾರೂ ಪಾಪ ಎನ್ನುವುದಿಲ್ಲ.

ಹೊಟ್ಟೆ ಊದಿತ್ತು. ಕೈ ನೀನು ಹೇಳಿದ ಹಾಗೆಯೇ ಬಡಿಯುತ್ತಿತ್ತು. ಕುಡಿದರೆ ಆಗುವುದೂ ಹಾಗೇ ಅಲ್ಲವೇ? ಡಾಕ್ಟರೇ ಹೊಟ್ಟೆ ಮುಟ್ಟಿ ನೋಡಿ "ಇನ್ನಾದರೂ ಬಿಡಿ" ಎಂದರು. ರಕ್ತಗಿಕ್ತ ಯಾರೂ ನೋಡಲಿಲ್ಲ.

ನನ್ನ ರಕ್ತವನ್ನು ನಾನೇಕೆ ಕೊಡಲಿ? ನಾನು ಯಾವ ತಪ್ಪು ಮಾಡಿದ್ದೇನೆ?

ಇನ್ನೊಂದು ಮಾತು ಮನಸ್ಸಿನಲ್ಲಿಟ್ಟುಕೊಂಡು ಸಾಕಾಗಿದೆ. ಹೋದ ವರ್ಷ ಬಂದಿದ್ದಾಗ ನಿನ್ನ ಬ್ಯಾಗಿನಲ್ಲಿ ಒಂದು ಬಿಳಿ ಡಬ್ಬಿ ಇತ್ತು. ಸ್ನಾನದ ಮನೆಗೆ ಹೋಗಿ ನುಂಗಿ ಬರುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ಪಟಾಕಿ ನಿನ್ನ ಉಗುರು ಕತ್ತರಿ ಮುಟ್ಟಿದಾಗ ನೀನು ಕಿತ್ತುಕೊಂಡೆ, ಮಗು ಅತ್ತಿತು. ನಾನು ನೋಡಿಯೂ ನೋಡದ ಹಾಗೆ ಇದ್ದೆ. ನಿನಗೇನಾಗಿದೆ? ನನಗೆ ಹೇಳದೆ ಯಾರಿಗೆ ಹೇಳುತ್ತೀಯ?

ಅಮ್ಮ

ಮಾರ್ಚ್ ೧೫

ಅಮ್ಮ,

ಉತ್ತರ ತಡವಾಯಿತು. ಬರೆದದ್ದನ್ನು ಎರಡು ಸಲ ಹರಿದೆ. ಹರಿಯುವ ಗುಣ ನಿನ್ನಿಂದಲೇ ಬಂದದ್ದು.

ಮೊದಲು ನನ್ನ ವಿಷಯ. ನೀನು ಬ್ಯಾಗು ನೋಡಿದ್ದಕ್ಕೆ ಸಿಟ್ಟು ಬಂತು, ಆಮೇಲೆ ಹೋಯಿತು. ಎಚ್‌ಐವಿ ಇರುವ ಒಬ್ಬರ ರಕ್ತ ತೆಗೆಯುವಾಗ ಸೂಜಿ ನನ್ನ ಬೆರಳಿಗೆ ಚುಚ್ಚಿತ್ತು. ಹಾಗಾದಾಗ ತಡಮಾಡದೆ ಒಂದು ತಿಂಗಳು ಮಾತ್ರೆ ನುಂಗಿದರೆ ವೈರಸ್ ಒಳಗೆ ನೆಲೆ ನಿಲ್ಲುವುದಿಲ್ಲ. ನುಂಗಿದೆ. ವಾಕರಿಕೆ ಅದರದ್ದೇ. ಪರೀಕ್ಷೆಗಳೆಲ್ಲ ಮುಗಿದಿವೆ, ನನಗೆ ಏನೂ ಇಲ್ಲ. ಹೇಳಿದ್ದರೆ ನೀನು ಆ ಕೆಲಸ ಬಿಡು ಎನ್ನುತ್ತಿದ್ದೆ. ಬಿಡಲು ನನಗೆ ಮನಸ್ಸಿರಲಿಲ್ಲ.

ಇನ್ನು ಅಣ್ಣ. ಅವನೇ ಹೇಳಲಿ ಎಂದು ಕಾದೆ. ಹೇಳಿಲ್ಲವೆಂದು ಕಾಣುತ್ತದೆ. ಅವನಿಗೆ ಹೆಪಟೈಟಿಸ್ ಬಿ ಇದೆ, ಬಹಳ ವರ್ಷಗಳಿಂದ, ಬಹುಶಃ ಮಗುವಾಗಿದ್ದಾಗಿನಿಂದ. ಕುಡಿತವಲ್ಲ. ದಿನಕ್ಕೊಂದು ಮಾತ್ರೆ ಶುರುಮಾಡಿದ್ದಾರೆ. ಅದನ್ನು ಒಂದು ದಿನವೂ ಬಿಡಬಾರದು, ಡಾಕ್ಟರು ಹೇಳದೆ ನಿಲ್ಲಿಸಲೇಬಾರದು. ಮಾತ್ರೆ ಕೊಡುವ ಮೊದಲು ಎಚ್‌ಐವಿ ಪರೀಕ್ಷೆಯನ್ನೂ ಮಾಡಿದ್ದಾರೆ, ಅದು ಇಲ್ಲ. ಅತ್ತಿಗೆಗೂ ಪಟಾಕಿಗೂ ಪರೀಕ್ಷೆ ಮಾಡಿಸಿ ಲಸಿಕೆ ಹಾಕಿಸು ಎಂದು ಅವನಿಗೆ ಹೇಳಿದೆ. "ಹೂಂ" ಎಂದ. ಅವನ ಹೂಂ ನಿನಗೆ ಗೊತ್ತಲ್ಲ.

ಅಪ್ಪನ ವಿಷಯ ನಾನು ಇನ್ನು ಕೇಳುವುದಿಲ್ಲ. ನಿನಗೆ ಬರೆಯಬೇಕೆನಿಸಿದರೆ ಬರಿ.

ಸಣ್ಣಿ

ಮೇ ೪

ಸಣ್ಣಿ,

ನಿನ್ನ ಅತ್ತಿಗೆ ಪಟಾಕಿಯನ್ನು ಕರೆದುಕೊಂಡು ತವರಿಗೆ ಹೋದಳು. ಎರಡು ಬ್ಯಾಗು ತುಂಬಿಕೊಂಡು ಹೋಗಿದ್ದಾಳೆ. ನಾಲ್ಕು ದಿನಕ್ಕೆ ಹೋಗುವವರು ಮಗುವಿನ ಸ್ಕೂಲಿನ ಪುಸ್ತಕಗಳನ್ನೆಲ್ಲ ಹೊತ್ತುಕೊಂಡು ಹೋಗುವುದಿಲ್ಲ.

ನಡೆದದ್ದು ಇಷ್ಟು. ನೀನು ಬರೆದದ್ದನ್ನು ನಾನು ಅವಳಿಗೆ ಹೇಳಿರಲಿಲ್ಲ. ನಿಮ್ಮಣ್ಣ ಮಾತ್ರೆಯ ಡಬ್ಬಿಯನ್ನು ಟೂಲ್ ಬ್ಯಾಗಿನಲ್ಲಿ, ಸ್ಕ್ರೂಡ್ರೈವರುಗಳ ಕೆಳಗೆ, ಬಟ್ಟೆ ಸುತ್ತಿ ಇಟ್ಟಿದ್ದ. ಬಾಟಲಿ ಹುಡುಕುತ್ತಿದ್ದವಳಿಗೆ ಡಬ್ಬಿ ಸಿಕ್ಕಿತು. "ಏನಿದು?" ಎಂದಳು. "ವಿಟಮಿನ್ನು" ಎಂದ. ವಿಟಮಿನ್ನಿಗೆ ಬಟ್ಟೆ ಸುತ್ತುತ್ತಾರಾ ಎಂದು ಅವಳು ಕೇಳಲಿಲ್ಲ. ಒಂದು ಮಾತ್ರೆ ತೆಗೆದುಕೊಂಡು ಬೀದಿಯ ಔಷಧಿ ಅಂಗಡಿಗೆ ಹೋದಳು. ಅಂಗಡಿಯವನು ತಿರುಗಿಸಿ ನೋಡಿ, ಅಕ್ಕಪಕ್ಕ ನೋಡಿ, "ಯಾರು ತಗೋತಾರೆ ಇದನ್ನ? ಇದು ಎಚ್‌ಐವಿಯವರಿಗೆ ಕೊಡೋದು" ಎಂದನಂತೆ.

ಅವಳು ಅಳಲಿಲ್ಲ, ಕೂಗಾಡಲಿಲ್ಲ. "ನನ್ನ ಜೊತೆ ಬನ್ನಿ, ನಾನು ಹೇಳೋ ಕಡೆ ಪರೀಕ್ಷೆ ಮಾಡಿಸಿ" ಎಂದಳು. "ನನ್ನ ಮೇಲೆ ನಂಬಿಕೆ ಇಲ್ಲದಿದ್ರೆ ಪರೀಕ್ಷೆ ಯಾಕೆ ಬೇಕು?" ಎಂದ ಇವನು. "ನಂಬಿಕೆ ಇದ್ದಿದ್ರೆ ವಿಟಮಿನ್ನು ಯಾಕಾಯ್ತು?" ಎಂದಳು. ಅಷ್ಟೇ.

ಆ ಡಬ್ಬಿಯನ್ನು ನಾನೂ ನೋಡಿದೆ. ಬಿಳಿ ಡಬ್ಬಿ. ನಿನ್ನ ಬ್ಯಾಗಿನಲ್ಲಿ ಇದ್ದದ್ದೂ ಇದೇ, ಹೆಸರೂ ಇದೇ. ನಿನ್ನದಕ್ಕೆ ಸೂಜಿಯ ಕಥೆ ಹೇಳಿದೆ, ಅವನದಕ್ಕೆ ಹೆಪಟೈಟಿಸ್ ಕಥೆ ಹೇಳಿದೆ. ಒಂದೇ ಮಾತ್ರೆಗೆ ಇಬ್ಬರು ಮಕ್ಕಳಿಂದ ಎರಡು ಕಥೆ. ಯಾವುದನ್ನು ನಂಬಲಿ? ಅಣ್ಣತಂಗಿ ಸೇರಿ ನನಗೆ ಏನನ್ನೋ ಮುಚ್ಚಿಡುತ್ತಿದ್ದೀರಿ.

ಮನೆಯಲ್ಲಿ ಈಗ ನಾವಿಬ್ಬರೇ. ಅವನು ಬರುತ್ತಾನೆ, ಉಣ್ಣುತ್ತಾನೆ, ಗೋಡೆ ಕಡೆ ತಿರುಗಿ ಮಲಗುತ್ತಾನೆ. ನಾನು ಅವನ ತಟ್ಟೆಯನ್ನು ಬೇರೆ ತೊಳೆಯುತ್ತೇನೆ. ಅವನು ನೋಡಿದ.

ಅಮ್ಮ

ಮೇ ೧೮

ಸಣ್ಣಿ,

ಅಣ್ಣ ಫೋನು ಎತ್ತುತ್ತಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡ. ಲಿಫ್ಟಿನ ಕೆಳಗಿನ ಗುಂಡಿಗೆ ಇಳಿದು ಕೆಲಸ ಮಾಡುವಾಗ ಸಿಗ್ನಲ್ ಸಿಗುವುದಿಲ್ಲ, ಮೇಲೆ ಬಂದಮೇಲೆ ಮಾತಾಡಲು ಮನಸ್ಸಾಗುವುದಿಲ್ಲ.

ಎಚ್‌ಐವಿಗೂ ನನ್ನ ಕಾಯಿಲೆಗೂ ಅದೇ ಮಾತ್ರೆ ಎಂದು ಈಗ ಬರೆದದ್ದನ್ನು ನೀನು ಮೊದಲೇ ಹೇಳಬೇಕಿತ್ತು. ಹೇಳಿದ್ದರೆ ಲೇಬಲ್ ಕಿತ್ತಾದರೂ ಇಡುತ್ತಿದ್ದೆ. ಅವಳಿಗೆ ನಿಜ ಹೇಳೋಣವೆಂದು ಎಷ್ಟೋ ಸಲ ಬಾಯಿ ತೆರೆದೆ. ಇದು ಗಂಡ ಹೆಂಡಿರ ನಡುವೆಯೂ ಹರಡುತ್ತದೆ ಎಂದು ಡಾಕ್ಟರು ಹೇಳಿದ್ದರಲ್ಲ, ಅಲ್ಲಿಗೆ ಬಂದಾಗ ನಾಲಗೆ ನಿಂತುಹೋಗುತ್ತಿತ್ತು. ಎಲ್ಲಿಂದ ತಂದಿರಿ ಎಂದು ಕೇಳುತ್ತಾಳೆ. ಎಲ್ಲಿಂದಲೋ ನನಗೇ ಗೊತ್ತಿಲ್ಲ. ಅಪ್ಪನೂ ಹೀಗೇ ನಿಂತಿರುತ್ತಿದ್ದರು, ನೆನಪಿದೆಯಾ? ಅಮ್ಮ ಕೇಳುತ್ತಿದ್ದಳು, ಅವರು ಕುಂಚ ತೊಳೆಯುತ್ತಿದ್ದರು. ಆಗ ನಾನೂ ಅವರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡಿದ್ದೆ.

ಮಾತ್ರೆ ನಿಲ್ಲಿಸಿದ್ದೇನೆ. ಡಬ್ಬಿ ಕಂಡರೆ ತಾನೆ ಅನುಮಾನ? ಮೈಗೇನೂ ಆಗಿಲ್ಲ, ಮೊದಲಿಗಿಂತ ಹಗುರವಾಗಿದ್ದೇನೆ. ನೀನು ತಲೆ ಕೆಡಿಸಿಕೊಳ್ಳಬೇಡ.

ಅಣ್ಣ

ಜುಲೈ ೩೦

ಅಮ್ಮ,

ವಾಪಸ್ಸು ಇಲ್ಲಿಗೆ ತಲುಪಿದೆ. ಅಣ್ಣನ ನಿನ್ನೆಯ ರಕ್ತದ ವರದಿ ಡಾಕ್ಟರಿಂದ ತರಿಸಿಕೊಂಡೆ. ಕಾಮಾಲೆ ಇಳಿಯುತ್ತಿದೆ. ಕಣ್ಣಿನ ಹಳದಿ ಪೂರ್ತಿ ಹೋಗಲು ಇನ್ನೂ ಸಮಯ ಬೇಕು. ಬದುಕುತ್ತಾನೆ. ಆಸ್ಪತ್ರೆಯಲ್ಲಿ ಆ ಮಾತನ್ನು ನಿನಗೆ ಹೇಳಲು ನನಗೆ ಧೈರ್ಯವಿರಲಿಲ್ಲ, ಈಗ ಇದೆ.

ಮೇ ತಿಂಗಳಲ್ಲಿ ಅವನ ಕಾಗದ ಬಂದಾಗಿನಿಂದ ದಿನಾ ಫೋನು ಮಾಡಿದೆ, ಅವನು ಎತ್ತಿದಾಗಲೆಲ್ಲ ಬೈದೆ. "ನುಂಗ್ತಿದೀನಿ ಮಾರಾಯ್ತಿ" ಎಂದು ಸುಳ್ಳು ಹೇಳಿದ. ನಾನು ನಂಬಿದೆ. ನಮ್ಮ ಮನೆಯಲ್ಲಿ ಅನುಮಾನ ಪಡಬೇಕಾದ ಒಂದೇ ಕಡೆ ನಾನು ನಂಬಿಕೊಂಡು ಕೂತೆ. ಆ ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ಅಡಗಿದ್ದ ವೈರಸ್ ಒಟ್ಟಿಗೆ ಎದ್ದು ಬರುತ್ತದೆ. ಇದನ್ನು ನನ್ನ ರೋಗಿಗಳಲ್ಲಿ ನೋಡಿದ್ದೇನೆ. ಆ ವ್ಯಾನ್ ಓಡಿಸುವವನದೂ ಅದೇ ಕಥೆ. ಅವನ ಮಾತ್ರೆಯನ್ನು ಮನೆಯವರು ಎಸೆದಿದ್ದರು. ಅವನು ಉಳಿಯಲಿಲ್ಲ. ಇದನ್ನು ನಿನಗೆ ಈವರೆಗೆ ಹೇಳಿರಲಿಲ್ಲ.

ನೀನು ಅಣ್ಣನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ದಿನದ ಸಂಗತಿಯನ್ನು ಅಲ್ಲಿನ ನರ್ಸ್ ನನಗೆ ಹೇಳಿದಳು. ಅವನು ತೊದಲುತ್ತಿದ್ದನಂತೆ, ನಿನ್ನನ್ನೇ ಗುರುತಿಸಲಿಲ್ಲವಂತೆ. ಡ್ಯೂಟಿ ಡಾಕ್ಟರು "ಎಷ್ಟು ಕುಡಿದಿದ್ದಾರೆ?" ಎಂದಾಗ ನೀನು ಅವನ ಬಾಯಿಯ ಹತ್ತಿರ ಬಗ್ಗಿ, ಸುಮಾರು ಹೊತ್ತು ಹಾಗೆಯೇ ಇದ್ದು, ಆಮೇಲೆ "ಇವನು ಕುಡಿಯಲ್ಲ. ಆರು ತಿಂಗಳಿಂದ ಮನೆ ಮೂಲೆಮೂಲೆ ನಾನೇ ಹುಡುಕಿದೀನಿ. ರಕ್ತ ನೋಡಿ" ಎಂದೆಯಂತೆ. ಅವರು ತಕ್ಷಣ ನೋಡಿದ್ದರಿಂದ ಅವನು ಉಳಿದ.

ನಾನು ಬಸ್ ಹತ್ತುವಾಗ ನೀನು ಕೇಳಿದ ಪ್ರಶ್ನೆಗೆ ಅಲ್ಲಿ ಉತ್ತರ ಕೊಡಲಿಲ್ಲ. ಆಸ್ಪತ್ರೆಯಲ್ಲಿ ನೀನು ಕೊನೆಗೂ ಪರೀಕ್ಷೆಗೆ ಕೊಟ್ಟ ರಕ್ತದಲ್ಲೂ ಆ ವೈರಸ್ ಇದೆ. ಸುಮ್ಮನೆ ಕೂತಿದೆ, ಆದರೆ ಲಿವರಿನಲ್ಲಿ ಸ್ವಲ್ಪ ಗಾಯದ ಗುರುತು ಕಾಣುವುದರಿಂದ ನಿನಗೂ ಮಾತ್ರೆ ಬೇಕು. ನಿನ್ನಿಂದ ಹೆರಿಗೆಯಲ್ಲಿ ಅಣ್ಣನಿಗೆ ಬಂದಿರಬಹುದು. ಅಪ್ಪನಿಂದ ಬಂದಿರಬಹುದು. ನನಗೆ ಅಂಟಲಿಲ್ಲ, ಯಾಕೆಂದು ಕೇಳಿದರೆ ಅದೃಷ್ಟ ಎನ್ನಬೇಕು. ಅಪ್ಪನಿಂದ ನಿನಗೋ, ನಿನ್ನಿಂದ ಅಪ್ಪನಿಗೋ, ನೀನು ಸ್ಕೂಲಿನಲ್ಲಿದ್ದಾಗ ಸಾಲಾಗಿ ನಿಲ್ಲಿಸಿ ಎಲ್ಲರಿಗೂ ಚುಚ್ಚಿದ ಒಂದೇ ಸೂಜಿಯಿಂದಲೋ, ಅದನ್ನು ಹೇಳುವ ಪರೀಕ್ಷೆ ನನ್ನ ಬಳಿ ಇಲ್ಲ, ಯಾರ ಬಳಿಯೂ ಇಲ್ಲ. ಅಪ್ಪನ ರಕ್ತದ ಒಂದು ಹನಿಯೂ ಎಲ್ಲಿಯೂ ಉಳಿದಿಲ್ಲ. ಅವರು ಕುಡಿಯುತ್ತಿರಲಿಲ್ಲ ಎಂದು ನಾನು ಸಾಬೀತು ಮಾಡಲಾರೆ. ನಾನು ನಂಬುತ್ತೇನೆ, ಅಷ್ಟೇ. ನನ್ನ ಕಸುಬಿನಲ್ಲಿ ಈ ಪದವನ್ನು ಬರೆದರೆ ಮೇಲಿನವರು ಅದರ ಮೇಲೆ ಗೆರೆ ಎಳೆಯುತ್ತಾರೆ.

ಮಾತ್ರೆ ಬಿಡಬೇಡ.

ಸಣ್ಣಿ

ಸೆಪ್ಟೆಂಬರ್ ೨

ಸಣ್ಣಿ,

ನೀನು ಬೇಡ ಎನ್ನುತ್ತೀಯ ಎಂದು ಹೇಳದೆ ಹೋಗಿದ್ದೆ. ಬೀಗಿತ್ತಿಯ ಮನೆಗೆ.

ಅವರದು ಮೂರನೆಯ ಮಹಡಿ. ಲಿಫ್ಟು ಕೆಟ್ಟಿತ್ತು. ಲಿಫ್ಟ್ ರಿಪೇರಿಯವನಿಗೆ ಹೆಣ್ಣು ಕೊಟ್ಟ ಮನೆ ನೋಡು. ಏದುಸಿರು ಬಿಡುತ್ತ ಹತ್ತಿದೆ. ಬಾಗಿಲು ತೆರೆದ ಬೀಗಿತ್ತಿ ಒಳಗೆ ಬನ್ನಿ ಎನ್ನುವ ಮೊದಲು ನನ್ನ ಹಿಂದೆ ಯಾರಿದ್ದಾರೆ ಎಂದು ನೋಡಿದರು. ಕೂರಿಸಿದರು. ನೀರು ಕೊಟ್ಟರು, ಕಾಗದದ ಲೋಟದಲ್ಲಿ. ಅವರ ಕೈಯಲ್ಲಿ ಸ್ಟೀಲಿನ ಲೋಟ ಇತ್ತು. ನನಗೆ ಮೊದಲು ಮೈ ಉರಿಯಿತು. ಆಮೇಲೆ, ನಾನು ಮನೆಯಲ್ಲಿ ನಿಮ್ಮಣ್ಣನ ತಟ್ಟೆಗೆ ಮಾಡಿದ್ದು ಏನು ಎನಿಸಿತು. ಲೋಟ ತೆಗೆದುಕೊಂಡೆ.

ಅತ್ತಿಗೆ ಒಳಗಿನಿಂದ ಬಂದು ದೂರದ ಕುರ್ಚಿಯಲ್ಲಿ ಕೂತಳು. ಸೊರಗಿದ್ದಾಳೆ. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಮರೆತುಹೋದವು. ಮಾತ್ರೆಯ ಹೊತ್ತಾಗಿತ್ತು. ಕೈಚೀಲದಿಂದ ಡಬ್ಬಿ ತೆಗೆದು, ಅವರು ಕೊಟ್ಟ ನೀರಿನಲ್ಲೇ ನುಂಗಿ, ಡಬ್ಬಿಯನ್ನು ಮೇಜಿನ ಮೇಲಿಟ್ಟೆ.

ಅವಳು ಎದ್ದು ಬಂದು ಎತ್ತಿಕೊಂಡು ಓದಿದಳು. ಕನ್ನಡಕದ ಅಂಗಡಿಯವಳಲ್ಲವೇ, ಸಣ್ಣ ಅಕ್ಷರ ಬಿಡುವುದಿಲ್ಲ.

"ಇದು ಅವರ ಡಬ್ಬಿ" ಎಂದಳು.

"ಅಲ್ಲ, ನಂದು. ಮೇಲೆ ನನ್ನ ಹೆಸರಿದೆ ನೋಡು."

ನೋಡಿದಳು. "ನಿಮಗೂ ಆ ಕಾಯಿಲೇನಾ ಅತ್ತೆ?"

"ಆ ಕಾಯಿಲೆ ನನಗೂ ಇಲ್ಲ, ಅವನಿಗೂ ಇಲ್ಲ. ನಮ್ಮದು ಲಿವರಿಗೆ ಬರೋದು. ಎರಡಕ್ಕೂ ಇದೇ ಮಾತ್ರೆ. ಅಂಗಡಿಯವನಿಗೆ ಅರ್ಧ ಗೊತ್ತಿತ್ತು, ಅರ್ಧ ಹೇಳಿದ."

"ಮಗಳು ಡಾಕ್ಟ್ರು. ಹೇಳಿಕೊಟ್ಟು ಕಳಿಸಿರ್ತಾಳೆ" ಎಂದರು ಬೀಗಿತ್ತಿ, ನನಗಲ್ಲ, ಗೋಡೆಗೆ. ನನಗೆ ಸಿಟ್ಟು ಬರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ಇದನ್ನೇ ಇನ್ನೂ ಜೋರಾಗಿ ಹೇಳುತ್ತಿದ್ದೆ. ಆಮೇಲೆ ಅವರು ನನ್ನ ಕಡೆ ತಿರುಗಿ, "ಅಪ್ಪ ಕುಡಿದು ಸತ್ತ, ಮಗನಿಗೆ ಈ ಕಾಯಿಲೆ. ಸಂಬಂಧ ಕೇಳೋಕೆ ಬಂದಾಗ ನೀವೇ ಹೇಳಿದ್ರಿ, ಗಂಡ ಕುಡುಕನಾಗಿದ್ದ, ಮಗ ಹಾಗಲ್ಲ ಅಂತ" ಎಂದರು.

"ಹೇಳಿದ್ದೆ" ಎಂದೆ. "ನನ್ನ ಗಂಡ ಕುಡೀತಿರಲಿಲ್ಲ."

ಸಣ್ಣಿ, ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಹೇಳಿ ನಾನೇ ಬೆಚ್ಚಿದೆ. ಬೇರೆ ಯಾರೋ ಹೇಳಿದ ಹಾಗಿತ್ತು.

"ಈಗ ಹೇಗೆ ಗೊತ್ತಾಯ್ತು? ಏನಿದೆ ಪುರಾವೆ?" ಎಂದರು ಬೀಗಿತ್ತಿ.

"ಪುರಾವೆ ಇಲ್ಲ. ಕುಡೀತಾರೆ ಅಂತ ನಾನು ಹೇಳಿದಾಗಲೂ ಇರಲಿಲ್ಲ. ಆಗ ನೀವು ಕೇಳಲಿಲ್ಲ, ಯಾರೂ ಕೇಳಲಿಲ್ಲ."

ಅವರು ಖಾಲಿ ಲೋಟ ಎತ್ತಿಕೊಂಡರು. ಒಪ್ಪಿದರು ಎಂದಲ್ಲ.

ಅತ್ತಿಗೆ ಡಬ್ಬಿಯನ್ನು ಕೈಯಲ್ಲೇ ತಿರುಗಿಸುತ್ತಿದ್ದಳು. "ನಾನು ಹೇ‌ಳೋ ಲ್ಯಾಬಿನಲ್ಲಿ ಪರೀಕ್ಷೆ ಆಗಬೇಕು. ನಿಮ್ಮ ಮಗಳ ಪರಿಚಯದವರ ಹತ್ರ ಅಲ್ಲ" ಎಂದಳು.

"ಮಾಡಿಸು. ನನ್ನದೂ ಮಾಡಿಸು. ನಿಂದೂ ಮಗೂದೂ ಮಾಡಿಸ್ಕೊ, ಅದು ಬೇರೆ ಮಾತು" ಎಂದೆ.

ಪಟಾಕಿ ಇಷ್ಟೂ ಹೊತ್ತು ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಅಜ್ಜಿಯ ಹತ್ತಿರ ಹೋಗಬಹುದೋ ಬಾರದೋ ಎಂದು ಅಮ್ಮನ ಮುಖ ನೋಡುತ್ತಿದ್ದಳು. ನಾನು ಕರೆಯಲಿಲ್ಲ. ಕರೆದು ಅವಳು ಬಾರದಿದ್ದರೆ ಎಂಬ ಭಯ.

ನಿಮ್ಮಣ್ಣ ಲ್ಯಾಬಿಗೆ ಹೋಗಲು ಒಪ್ಪಿದ. ಮೊದಲು ಒಲ್ಲೆ ಎಂದ. "ನಿಮ್ಮಪ್ಪನೂ ಹೀಗೇ ಬಾಯಿ ಮುಚ್ಚಿಕೊಂಡು ನಿಂತ್ರು. ನನ್ನಂಥವಳ ಮುಂದೆ ಸುಮ್ಮನೆ ನಿಂತರೆ ಸಾಯ್ತೀಯ ಅಷ್ಟೇ" ಎಂದೆ. ಎದ್ದು ಶರ್ಟು ಹಾಕಿಕೊಂಡ.

ಮಾತ್ರೆ ಬಿಟ್ಟಿಲ್ಲ.

ಅಮ್ಮ

ನವೆಂಬರ್ ೨೧

ಸಣ್ಣಿಯವರಿಗೆ,

ನಾನು ನಿಮಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಫೋನಿನಲ್ಲಿ ನೀವು ಬೇಗ ಬೇಗ ಸಮಾಧಾನ ಹೇಳಿಬಿಡುತ್ತೀರಿ. ನನಗೆ ಸಮಾಧಾನ ಬೇಕಿರಲಿಲ್ಲ.

ನಾನು ಹೇಳಿದ ಲ್ಯಾಬಿನಲ್ಲೇ ಎಲ್ಲರ ಪರೀಕ್ಷೆ ಆಯಿತು. ಸಾಲದೆಂದು ಇನ್ನೊಂದು ಕಡೆಯೂ ಮಾಡಿಸಿದೆ. ನೀವು ಹೇಳಿದ್ದೇ ಬಂತು. ಅವರಿಗೆ ಎಚ್‌ಐವಿ ಇಲ್ಲ. ನನಗೂ ಮಗಳಿಗೂ ಯಾವುದೂ ಇಲ್ಲ. ಅವಳಿಗೆ ಹುಟ್ಟಿದಾಗ ಲಸಿಕೆ ಹಾಕಿತ್ತು. ನಾನು ಈಗ ಹಾಕಿಸಿಕೊಳ್ಳುತ್ತಿದ್ದೇನೆ, ಇನ್ನೊಂದು ಬಾಕಿ ಇದೆ. ನಿಮ್ಮನ್ನು ಅನುಮಾನಿಸಿದ್ದಕ್ಕೆ ಕ್ಷಮೆ ಕೇಳುವುದಿಲ್ಲ. ನನಗೆ ಯಾರೂ ಏನನ್ನೂ ಹೇಳಿರಲಿಲ್ಲ. ಹೆಂಡತಿಗೆ ಹೇಳು ಎಂದು ನಿಮ್ಮಣ್ಣನಿಗೆ ಹೇಳಿ ನೀವು ಸುಮ್ಮನಾದಿರಿ. ಹೇಳಿದರಾ ಎಂದು ನನ್ನನ್ನು ಒಂದು ಸಲ ಕೇಳಬಹುದಿತ್ತು. ನಿಮ್ಮ ರೋಗಿಗಳ ಹೆಂಡತಿಯರನ್ನಾದರೂ ಕೇಳಿ.

ಮನೆಗೆ ಬಂದಿದ್ದೇನೆ. ಒಂದು ಬ್ಯಾಗು ತಂದಿದ್ದೇನೆ, ಇನ್ನೊಂದು ಅಮ್ಮನ ಮನೆಯಲ್ಲೇ ಇದೆ. ನಿಮ್ಮಣ್ಣ ಅದನ್ನು ಗಮನಿಸಿದರು, ಕೇಳಲಿಲ್ಲ. ಕೇಳಿ ಎಂದೆ. ಕೇಳಿದರು. "ಇನ್ನೂ ಸ್ವಲ್ಪ ದಿನ ಅಲ್ಲೇ ಇರಲಿ" ಎಂದೆ. "ಆಯ್ತು" ಎಂದರು. ಈಗ ಮಧ್ಯಾಹ್ನ ಏನು ಉಂಡೆ ಎನ್ನುವುದರಿಂದ ಹಿಡಿದು ಡಾಕ್ಟರು ಏನೆಂದರು ಎನ್ನುವವರೆಗೆ ನಾನು ಕೇಳದೆಯೇ ಎಲ್ಲವನ್ನೂ ಹೇಳುತ್ತಾರೆ. ಒಮ್ಮೊಮ್ಮೆ ಸಾಕಪ್ಪಾ ಎನಿಸುತ್ತದೆ. ಲಿಫ್ಟಿನ ಕೆಲಸಕ್ಕೆ ಕಂಪನಿ ಇನ್ನೂ ಕಳಿಸುತ್ತಿಲ್ಲ, ಗೋಡೌನಿನಲ್ಲಿ ಕೂರಿಸಿದ್ದಾರೆ. ಹಳದಿ ಹೋಗಿ ಕಣ್ಣು ಬೆಳ್ಳಗಾಗಿದೆ.

ಅತ್ತೆಯ ಬಗ್ಗೆ ಬರೆಯಬೇಕೆಂದೇ ಕೂತದ್ದು. ಅವರು ಚೆನ್ನಾಗಿದ್ದಾರೆ. ಮಾತ್ರೆ ತಪ್ಪಿಸುವುದಿಲ್ಲ. ಆದರೆ ಈಚೆಗೆ ಒಂದು ಅಭ್ಯಾಸವಾಗಿದೆ. ಮನೆಗೆ ಯಾರು ಬಂದರೂ, ಮಾತಿನ ನಡುವೆ, ನಿಮ್ಮ ತಂದೆಯವರು ಕುಡಿಯುತ್ತಿರಲಿಲ್ಲ ಎಂದು ಹೇಳುತ್ತಾರೆ. ಪಕ್ಕದ ಮನೆಯವರಿಗೆ ಹೇಳಿದರು. ನಲ್ಲಿ ರಿಪೇರಿಗೆ ಬಂದವನಿಗೆ ಹೇಳಿದರು. ಅವರಲ್ಲಿ ಹೆಚ್ಚಿನವರು ಮಾವನನ್ನು ನೋಡಿದವರೇ ಅಲ್ಲ. ನನಗೆ ಮುಜುಗರವಾಗುತ್ತಿತ್ತು. ತಡೆಯಬೇಕೆಂದುಕೊಂಡೆ. ನಿಮ್ಮಣ್ಣ ಬೇಡ ಎಂದರು.

ಇವತ್ತು ಬೆಳಗ್ಗೆ ಕರೆಂಟ್ ಮೀಟರ್ ನೋಡುವವನು ಬಂದಿದ್ದ. ಹೊಸಬ. ಟಾರ್ಚು ಹಿಡಿದು ಮೀಟರಿನ ಡಬ್ಬದೊಳಗೆ ಬಗ್ಗಿ ನೋಡುತ್ತಿದ್ದ. ಅತ್ತೆ ಹಿಂದೆ ನಿಂತುಕೊಂಡು ಅವನಿಗೆ ಹೇಳಿದರು: "ನಮ್ಮ ಯಜಮಾನರು ಬೋರ್ಡು ಬರೀತಿದ್ರಪ್ಪ. ಕುಡೀತಿರಲಿಲ್ಲ."

ಅವನು ತಿರುಗಿ ನೋಡಲಿಲ್ಲ. ಮೀಟರ್ ನೋಡುತ್ತಲೇ, "ಹೌದಾ ಅಮ್ಮ. ಒಳ್ಳೆಯವರು" ಎಂದ.

ಅತ್ತೆ ಅವನು ಮೆಟ್ಟಿಲಿಳಿದು ಹೋಗುವವರೆಗೂ ಬಾಗಿಲಲ್ಲೇ ನಿಂತಿದ್ದರು.

ನಿಮ್ಮ ಅತ್ತಿಗೆ